ಕಣ್ಣು ಬಿಟ್ಟು ಹಾಡಿದ ಸಂಜೆ

ರಾಚಯ್ಯ ಹಿಮ್ಮೇಳದ ಸೊಲ್ಲು ಮುಗಿಸಿ, ತಾಳವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಗೆ ಸುಣ್ಣ ಸವರುವಷ್ಟು ಹೊತ್ತಾಗಿತ್ತು. ಪುಟ್ಟಮಾದಯ್ಯ ಮಾತ್ರ ತಂಬೂರಿಯನ್ನು ಎದೆಗೆ ಆನಿಸಿಕೊಂಡು, ಮುಂದಿಟ್ಟಿದ್ದ ಪುಟ್ಟ ಪೆಟ್ಟಿಗೆಯ ಪರದೆಯನ್ನೇ ನೋಡುತ್ತ, ಬಲು ಮರ್ಯಾದೆಯಿಂದ ಕಾಯುತ್ತಿದ್ದ. ಪರದೆಯ ಮೇಲೆ ಜ್ಯೋತಿಯೊಂದು ಎತ್ತರಕ್ಕೆ ನಿಂತಿತ್ತು. ಜ್ಯೋತಿ ಎತ್ತರದಲ್ಲಿದ್ದರೆ ರಾಚಯ್ಯ ಇನ್ನೂ ಹಾಡುತ್ತಿದ್ದಾನೆಂದು ಅರ್ಥ, ತಗ್ಗಿದರೆ ಸೊಲ್ಲು ಮುಗಿಯಿತೆಂದು ಅರ್ಥ. ಹಾಗೆಂದು ಹೇಳಿಕೊಟ್ಟು ಆ ಪೆಟ್ಟಿಗೆಯನ್ನು ಅಲ್ಲಿಟ್ಟವಳು ಮಗಳು ಕುಮಾರಿ.

"ಏನ್ಲಾ ರಾಚ, ಇವತ್ತು ಉಸ್ರೇ ತಗೀದಂಗೆ ಎಳೀತಿದ್ದೀಯಲ್ಲ," ಎಂದು ಪುಟ್ಟಮಾದಯ್ಯ ಮೆಚ್ಚಿಕೊಂಡೇ ಹೇಳಿದ.

ರಾಚಯ್ಯ ಎಲೆಯನ್ನು ಕೆಳಗಿಟ್ಟು, ಗೆಳೆಯನ ಬಲಗಿವಿಗೆ ಬಾಯಿಟ್ಟ. "ನಾ ಮುಗ್ಸಿ ಒತ್ತಾಯ್ತು ಕಣ್ಲಾ ಪುಟ್ಮಾದ. ನಿನ್ ಮಗಳ ದೀಪ ನಿದ್ದೆ ಹೊಡೀತಾ ಅದೆ."

ಕುಮಾರಿ ಎದ್ದು ಬಂದು ಬಗ್ಗಿ ನೋಡಿದಳು. ಜ್ಯೋತಿ ಅಲುಗುತ್ತಿರಲಿಲ್ಲ. ಹಿಂದಿನ ವಾರವೂ ಹೀಗೇ ಆಗಿತ್ತು, ಅದರ ಹಿಂದಿನ ವಾರವೂ. ಕತೆ ಒಂದು ಹದಕ್ಕೆ ಬಂದು ಕೂತಿತೆನ್ನುವಾಗ ಸರಿಯಾಗಿ ಜ್ಯೋತಿ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು.

ಗುಂಡ್ಲುಪೇಟೆಯ ಸುತ್ತಮುತ್ತ ಪುಟ್ಟಮಾದಯ್ಯ ಹಾಡುವ ದೇವರ ಕತೆ ಕೇಳದ ಬೀದಿ ಕಡಿಮೆ. ಗುರುವಿನಿಂದ ಬಾಯಿಂದ ಬಾಯಿಗೆ ಬಂದದ್ದನ್ನು ಒಂದು ಮಾತೂ ಜಾರದಂತೆ ಕಾಪಾಡಿಕೊಂಡು ಬಂದ ಕಂಠ ಅದು. ಅವನು ಒಂದು ಸಾಲು ಹಾಡಬೇಕು, ರಾಚಯ್ಯನ ಹಿಮ್ಮೇಳ ಸೊಲ್ಲು ಎತ್ತಿಕೊಳ್ಳಬೇಕು, ಸೊಲ್ಲು ನೆಲ ಮುಟ್ಟಿದ ಮೇಲೆ ಮುಂದಿನ ಸಾಲು. ಕಿವಿ ಮಂದವಾಗುತ್ತ ಬಂದು, ತನ್ನ ದನಿ ಮತ್ತು ಎದೆಗೊತ್ತಿದ ತಂಬೂರಿಯ ಮಿಡಿತ ಬಿಟ್ಟರೆ ಬೇರೇನೂ ತಿಳಿಯದಾದಾಗ, ಅವನು ಸೊಲ್ಲನ್ನು ತುಳಿದುಕೊಂಡು ಮುಂದಕ್ಕೆ ಹೋಗತೊಡಗಿದ. ಕಿವಿಗೆ ಹಾಕುವ ಮಿಷನ್ನೂ ಬಂತು. ತಾಳ ಬಿದ್ದೊಡನೆ ಅದು ಕಿವಿಯೊಳಗೆ ಕಿರುಚಿಕೊಳ್ಳುತ್ತಿದ್ದುದರಿಂದ ಅದನ್ನು ತೆಗೆದು ಅದರ ಡಬ್ಬಿಗೇ ಹಾಕಿಟ್ಟ. ಹೋದ ವರ್ಷ ಒಂದು ಮನೆಯಲ್ಲಿ ಹಾಡುವಾಗ ಮುಂದೆ ಕೂತ ಮಕ್ಕಳು ಕಿಸಕ್ಕೆಂದರಂತೆ. ಅದು ಅವನಿಗೆ ಕೇಳಿಸಲಿಲ್ಲ, ಹಾಡು ಮುಗಿಸಿ ಕಣ್ಣು ತೆರೆದಾಗ ರಾಚಯ್ಯನ ಮುಖ ಕೆಂಪಾಗಿದ್ದದ್ದು ಕಂಡಿತು. ಮನೆಗೆ ಬಂದವನೇ ತಂಬೂರಿಯನ್ನು ಗೂಟಕ್ಕೆ ನೇತುಹಾಕಿದ.

ಈಗ ಊರಿನ ಗುರುಮಲ್ಲಮ್ಮನವರ ಹೊಸ ಮನೆಯಲ್ಲಿ ಮುಂದಿನ ಭಾನುವಾರ ಸಂಜೆ ಕತೆ ಆಗಬೇಕೆಂದು ಹೇಳಿಕಳಿಸಿದ್ದರು. ಮಗಳ ಪೆಟ್ಟಿಗೆಯ ಮೇಲೆ ಭಾರ ಹಾಕಿ ಪುಟ್ಟಮಾದಯ್ಯ ಒಪ್ಪಿಕೊಂಡಿದ್ದ. ಆಗದಿದ್ದರೆ ಅಲ್ಲೇ, ಎಲ್ಲರೆದುರಿಗೆ, ತಂಬೂರಿಯನ್ನು ರಾಚಯ್ಯನ ಕೈಗೆ ಕೊಟ್ಟು ಕೈಮುಗಿದುಬಿಡುತ್ತೇನೆಂದು ಹೆಂಡತಿ ಮಲ್ಲಿಗಮ್ಮನಿಗೂ ಮಗಳಿಗೂ ಹೇಳಿಯಾಗಿತ್ತು. ಹೇಳುವಾಗ ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ. ಅದರಿಂದಲೇ ಕುಮಾರಿಗೆ ಹೆದರಿಕೆಯಾದದ್ದು.

ಕುಮಾರಿ ಚಾಮರಾಜನಗರದಲ್ಲಿ ಕೋಣೆ ಮಾಡಿಕೊಂಡು, ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಗೆ ಹೋಗಿಬರುತ್ತಿದ್ದಳು. ಡೇರಿಯ ತೂಕದ ಯಂತ್ರಗಳಿಗೆ ಬೇಕಾದ ಪರದೆಗಳು ಅಲ್ಲಿ ತಯಾರಾಗುತ್ತಿದ್ದವು. ಕಂಪ್ಯೂಟರಿನ ಒಳಮನೆಯಲ್ಲಿ ಕೂತು ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ಸಂಭಾಳಿಸುವ ಕರ್ನೆಲ್ಲಿಗೂ ಹೊರಗಿನ ಪರದೆಗೂ ನಡುವೆ ನಿಂತು ಮಾತಾಡಿಸುವ ಡ್ರೈವರ್ ಬರೆಯುವುದು ಅವಳ ಕೆಲಸ. ಉಳಿದುಬಿದ್ದ ಒಂದು ಪರದೆ, ಒಂದು ಬೋರ್ಡು, ರಾಚಯ್ಯನ ಶಲ್ಯಕ್ಕೆ ಸಿಕ್ಕಿಸುವ ಒಂದು ಮೈಕು, ಒಂದು ಬ್ಯಾಟರಿ. ಪೆಟ್ಟಿಗೆ ಅಷ್ಟೇ. ಡ್ರೈವರನ್ನು ಮಾತ್ರ ಅವಳು ಹೊಸದಾಗಿ, ಅಪ್ಪನಿಗೆಂದೇ ಬರೆದಿದ್ದಳು.

ಜ್ಯೋತಿಯ ಒಂದೊಂದು ಅಲುಗಾಟವೂ ಒಂದೊಂದು ಚಿತ್ರ. ಚಿತ್ರ ಬರೆಯಲು ಕರ್ನೆಲ್ಲು ಮೆಮೊರಿಯಲ್ಲಿ ಒಂದು ತುಂಡು ಜಾಗ ಕೊಡುತ್ತದೆ, ಅದಕ್ಕೆ ಬಫರ್ ಎನ್ನುತ್ತಾರೆ. ಬರೆದದ್ದನ್ನು ಪರದೆಗೆ ದಾಟಿಸಬೇಕು, ಪರದೆ ತೋರಿಸಿ ಮುಗಿಸಿ ಕೈಬಿಡಬೇಕು, ಅದೇ ಜಾಗದಲ್ಲಿ ಮತ್ತೊಂದು ಚಿತ್ರ ಬರಬೇಕು. ಯಾರಾದರೊಬ್ಬರು ಹಿಡಿದುಕೊಂಡಿರುವ ತನಕ ಕರ್ನೆಲ್ಲು ಆ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲ. ಆ ಸಣ್ಣ ಬೋರ್ಡಿನಲ್ಲಿ ಇದ್ದದ್ದೇ ಕೆಲವು ಬಫರುಗಳು. ಎಲ್ಲವೂ ಯಾರದೋ ಕೈಯಲ್ಲಿ ಉಳಿದುಬಿಟ್ಟರೆ ಹೊಸ ಚಿತ್ರಕ್ಕೆ ಜಾಗವೇ ಇಲ್ಲ, ಜ್ಯೋತಿ ಇದ್ದಲ್ಲೇ ನಿಲ್ಲುತ್ತದೆ.

ಮೊದಮೊದಲು ಇದಕ್ಕೆ ತಿರುಗುಮುರುಗಾದ ತೊಂದರೆಯಿತ್ತು. ಪರದೆ ಇನ್ನೂ ತೋರಿಸುತ್ತಿರುವಾಗಲೇ ಜಾಗ ಕೈಬಿಟ್ಟುಹೋಗಿ, ಅದರ ಮೇಲೆ ಹೊಸ ಚಿತ್ರ ಬಿದ್ದು, ಜ್ಯೋತಿ ನಡುವಿಗೆ ಕತ್ತರಿಸಿದ ಹಾಗೆ ಕಾಣುತ್ತಿತ್ತು. ಏಕೆ ಹಾಗೆಂದು ಪುಟ್ಟಮಾದಯ್ಯ ಕೇಳಿ ತಿಳಿದುಕೊಂಡಿದ್ದ. "ಇದೂ ನನ್ನಂಗೇ ಕಣಮ್ಮಿ. ಅವ್ರು ಮುಗ್ಸೋಗಂಟ ಕಾಯಕಿಲ್ಲ," ಎಂದು ನಕ್ಕಿದ್ದ. ಕುಮಾರಿ ಅದನ್ನು ಸರಿಮಾಡಿದ್ದಳು. ಈಗ ಯಾರೋ ಬಿಡುತ್ತಲೇ ಇಲ್ಲ.

ಕಂಪನಿಯ ಮೇಜಿನ ಮೇಲೆ ಮಾತ್ರ ಜ್ಯೋತಿ ಒಮ್ಮೆಯೂ ನಿಲ್ಲಲಿಲ್ಲ. ಫೋನಿನಲ್ಲಿ ಹಿಡಿದಿಟ್ಟಿದ್ದ ಅಪ್ಪನ ಕತೆಯನ್ನು ಮೈಕಿನ ಮುಂದೆ ಹಾಕಿ, ಯಾವ ಬಫರನ್ನು ಎಷ್ಟು ಕಡೆ ಹಿಡಿದಿದ್ದಾರೆಂಬ ಲೆಕ್ಕವನ್ನು ಅವಳು ದಿನಗಟ್ಟಲೆ ನೋಡಿದಳು. ಏರುತ್ತಿತ್ತು, ಇಳಿಯುತ್ತಿತ್ತು, ಎಲ್ಲವೂ ನೆಟ್ಟಗಿತ್ತು. ಪಕ್ಕದ ಮೇಜಿನ ಬಸವಪ್ರಸಾದ್, ಆಗಾಗ ತಾನಾಗಿಯೇ ಆಫ್ ಆಗಿ ಆನ್ ಆಗುವ ಹಾಗೆ ಮಾಡಿಬಿಡು, ಡೇರಿಯವರಿಗೆ ನಾವು ಮಾಡಿರುವುದೇ ಅದು ಎಂದ. ಕತೆಯ ನಡುವೆ ದೇವರನ್ನು ತಡೆದು ನಿಲ್ಲಿಸಲೇ ಎಂದು ಅವಳು ಕೇಳಿದಳು. ಅವನು ಕೆನ್ನೆ ಬಡಿದುಕೊಂಡು ಟೀ ತರಲು ಹೋದ.

ಶನಿವಾರ ಮಧ್ಯಾಹ್ನದ ಬಸ್ಸು ತೆರಕಣಾಂಬಿ ದಾಟಿ ಅವಳನ್ನು ಗುಂಡ್ಲುಪೇಟೆಗೆ ತಂದಿಳಿಸಿತು. ಮನೆಯಲ್ಲಿ ಮಲ್ಲಿಗಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಪೆಟ್ಟಿಗೆಯನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

"ಕಣ್ ಬುಟ್ಕಂಡು ಯಾರಾದ್ರೂ ಕತೆ ಮಾಡಾರಾ?" ಎಂದಳು. "ನಿಮ್ಮಪ್ಪ ಕಣ್ ಮುಚ್ಕಂಡು ಆಡುದ್ರೇ ಲಕ್ಷಣ ಕನವ್ವ."

ಅದು ನಿಜವೂ ಆಗಿತ್ತು. ಇಷ್ಟು ವರ್ಷವೂ ಪುಟ್ಟಮಾದಯ್ಯ ಕಣ್ಣು ಮುಚ್ಚಿಯೇ ಹಾಡಿದವನು. ಎದುರಿಗೆ ಹತ್ತು ಜನರಿರಲಿ, ಊರೇ ಇರಲಿ, ಅವನಿಗೆ ಒಂದೇ. ಮದುವೆಯಾಗಿ ಬಂದಂದಿನಿಂದ ಮಲ್ಲಿಗಮ್ಮ ಅವನ ಒಂದು ಕತೆಯನ್ನೂ ತಪ್ಪಿಸಿದವಳಲ್ಲ. ತಲೆತುಂಬ ಸೆರಗು ಹೊದ್ದು, ಯಾವುದಾದರೊಂದು ಕಂಬಕ್ಕೆ ಒರಗಿ ಕೂತರೆ ಮಂಗಳದವರೆಗೆ ಏಳುತ್ತಿರಲಿಲ್ಲ. ನೆಂಟರು ಬಂದಾಗೆಲ್ಲ ಪುಟ್ಟಮಾದಯ್ಯ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ತನ್ನ ಕತೆಯನ್ನು ತನಗಿಂತ ಚೆನ್ನಾಗಿ ಬಲ್ಲವಳೆಂದರೆ ಮಲ್ಲಿಗವ್ವ ಒಬ್ಬಳೇ ಎನ್ನುತ್ತಿದ್ದ. ಅವನು ಹಾಗೆನ್ನುವಾಗ ಮಲ್ಲಿಗಮ್ಮ ನೀರು ತರುವ ನೆವದಿಂದ ಒಳಗೆ ಹೋಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಕಡೆಯ ಅಭ್ಯಾಸ. ಕುಮಾರಿ ಅಪ್ಪನ ಬೆನ್ನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪೆಟ್ಟಿಗೆಗೊಂದು ವೈರು ಎಳೆದು ಕೂತಳು. ಪುಟ್ಟಮಾದಯ್ಯ ಹಾಡಿದ, ರಾಚಯ್ಯ ಸೊಲ್ಲು ಹಿಡಿದ, ಜ್ಯೋತಿ ಏರಿತು, ತಗ್ಗಿತು. ಲೆಕ್ಕ ನೆಟ್ಟಗಿತ್ತು. ಕತೆ ಗುರುವಿನ ಹೆಸರಿಗೆ ಬಂತು. ಆ ಹೆಸರು ಬಂದಾಗ ಮೇಳದವರೆಲ್ಲ ತಂಬೂರಿಗೆ ಹಣೆ ಮುಟ್ಟಿಸಿ ಒಂದಿಷ್ಟು ಹೊತ್ತು ಸುಮ್ಮನಿರುವುದು ಅವರ ಗುರುಮನೆಯ ರೂಢಿ. ತಾಳವೂ ಇಲ್ಲ, ಗಗ್ಗರದ ಗಲಗಲವೂ ಇಲ್ಲ. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ದೂರದಿಂದ ಕೇಳಿ ಬಂತು. ಬ್ಯಾಟರಿ ಉಳಿಯಲೆಂದು ಕುಮಾರಿ ಹೇಳಿಕೊಟ್ಟಿದ್ದಂತೆ ಪರದೆ ತಾನೂ ಕಣ್ಣು ಮುಚ್ಚಿತು. ತಲೆಗಳು ಎದ್ದವು, ರಾಚಯ್ಯ ದನಿ ತೆಗೆದ, ಜ್ಯೋತಿ ಮರಳಿ ಹೊತ್ತಿತು. ಲ್ಯಾಪ್‌ಟಾಪಿನಲ್ಲಿ ಒಂದು ಬಫರು ಯಾರ ಕೈಯಿಂದಲೂ ಬಿಡುಗಡೆಯಾಗದೆ ಉಳಿದುಕೊಂಡಿತು.

ಮತ್ತೆ ಹೆಸರು ಬಂತು, ಮತ್ತೆ ಹಣೆ ಬಾಗಿತು. ಇನ್ನೊಂದು ಬಫರು ಉಳಿಯಿತು.

ಕುಮಾರಿ ಕೀಬೋರ್ಡಿನಿಂದ ಬೆರಳು ಎತ್ತಿ ಹಾಗೆಯೇ ಕೂತಳು. ಕಂಪನಿಯಲ್ಲಿ ಪರೀಕ್ಷೆ ಬೇಗ ಮುಗಿಯಲಿ ಎಂದು ಆ ಸುಮ್ಮನಿರುವ ಜಾಗಗಳನ್ನೆಲ್ಲ ಅವಳೇ ರೆಕಾರ್ಡಿಂಗಿನಿಂದ ಕತ್ತರಿಸಿ ಹಾಕಿದ್ದಳು. ಅಪ್ಪ ಅಲ್ಲಿ ಒಮ್ಮೆಯೂ ತಲೆ ಬಾಗಿರಲಿಲ್ಲ, ಪರದೆಯೂ ಮಲಗಿರಲಿಲ್ಲ.

ಅವಳು ಡ್ರೈವರನ್ನು ತೆರೆದು ಪರದೆ ಮಲಗುವ ಜಾಗಕ್ಕೆ ಬಂದಳು. ಅದನ್ನು ಬರೆದ ದಿನ ನೆನಪಾಯಿತು. ಮಲಗಿದ ಪರದೆ ಎಚ್ಚರವಾಗಿ ಮೊದಲ ಚಿತ್ರ ಬರಲು ಚೂರು ತಡವಾಗುತ್ತದೆ. ಅಪ್ಪ ತಲೆಯೆತ್ತಿದಾಗ ಎದುರಿಗೆ ಕತ್ತಲೆ ಕಂಡು ಗಾಬರಿಯಾಗಬಾರದು. ಅದಕ್ಕೆ, ಮಲಗುವ ಮೊದಲು ಕಡೆಯ ಚಿತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಿರು ಎಂದು ಒಂದು ಸಾಲು ಬರೆದಿದ್ದಳು. ಎದ್ದ ಕೂಡಲೇ ಆ ಚಿತ್ರ ಕಣ್ಣೆದುರಿಗೆ ಇರುತ್ತಿತ್ತು. ಹಿಡಿದದ್ದನ್ನು ಆಮೇಲೆ ಬಿಡು ಎಂದು ಎಲ್ಲಿಯೂ ಬರೆದಿರಲಿಲ್ಲ.

ಒಂದೇ ಸಾಲು. ಅದನ್ನು ಬರೆದು, ಪೆಟ್ಟಿಗೆಗೆ ತುಂಬಿಸಿ, ಇನ್ನೊಮ್ಮೆ ಎಂದು ಅಪ್ಪನ ಕಿವಿಯಲ್ಲಿ ಹೇಳಿದಳು. ಅವನು ಏನಾಗಿತ್ತೆಂದು ಕೇಳಿದ.

"ನೀನು ಕೈಮುಗಿಯೋವಾಗ ದೀಪ ಆರೋದ್ರೆ ಅಂತ ಭಯಕ್ಕೆ ಇಡ್ಕಂಡಿದ್ದೆ ಕನಪ್ಪ. ಬುಡೋದ ಮರ್ತುಬುಟ್ಟಿದ್ದೆ."

ಪುಟ್ಟಮಾದಯ್ಯ ಅವಳ ನೆತ್ತಿಯ ಮೇಲೆ ಕೈಯಿಟ್ಟು, ಹಾಗೇ ಅವಳ ತಲೆಯನ್ನೊಮ್ಮೆ ಅಲ್ಲಾಡಿಸಿದ. ಬೆಳಗಿನ ಮಿಕ್ಕ ಹೊತ್ತೆಲ್ಲ ಅವರು ಹಾಡಿದರು. ಎಷ್ಟು ಸಲ ಹಣೆ ಬಾಗಿದರೂ ಯಾವ ಬಫರೂ ಯಾರ ಕೈಯಲ್ಲೂ ಉಳಿಯಲಿಲ್ಲ.

ಸಂಜೆ ಗುರುಮಲ್ಲಮ್ಮನವರ ಹೊಸ ಮನೆಯಲ್ಲಿ ಇನ್ನೂ ಸುಣ್ಣದ ವಾಸನೆಯಿತ್ತು. ಪಡಸಾಲೆಯ ತುಂಬ ಜನ. ಒಳ್ಳೆಯ ಸೀರೆ ಉಟ್ಟು, ಮೇಳದವರ ಎದುರಿನ ಕಂಬ ಬಿಟ್ಟು ಹಿಂದಿನ ಕಂಬದತ್ತ ಹೊರಟ ಮಲ್ಲಿಗಮ್ಮನನ್ನು ಗುರುಮಲ್ಲಮ್ಮನವರು ಬಿಡಲಿಲ್ಲ. ಕತೆಗಾರರ ಮನೆಯವರು ಮುಂದೆ ಕೂರಬೇಕೆಂದು ಕೈಹಿಡಿದು ಎಳೆದು ತಂದು ಎದುರಿನ ಕಂಬದ ಬಳಿಯೇ ಕೂರಿಸಿದರು.

ಪುಟ್ಟಮಾದಯ್ಯ ತಂಬೂರಿ ಮೀಟಿದ. ಮೊದಲ ಸಾಲಿಗೆ ದನಿ ಸ್ವಲ್ಪ ನಡುಗಿತು. ಸೊಲ್ಲು ಎದ್ದಿತು, ಜ್ಯೋತಿ ಏರಿತು, ತಗ್ಗಿತು, ಅವನು ಎತ್ತಿಕೊಂಡ. ಎಲ್ಲೂ ತುಳಿಯಲಿಲ್ಲ, ಎಲ್ಲೂ ಕಾಯಲಿಲ್ಲ. ಗುರುವಿನ ಹೆಸರು ಬಂದು ತಲೆಗಳು ಬಾಗಿದಾಗ ಕುಮಾರಿ ಮೂಲೆಯಿಂದ ಪರದೆಯ ಕಡೆಗೆ ಕತ್ತು ಚಾಚಿದಳು. ಪರದೆ ಕಪ್ಪಾಯಿತು. ಅಪ್ಪ ತಲೆಯೆತ್ತುವ ಹೊತ್ತಿಗೆ ಜ್ಯೋತಿ ಅಲ್ಲಿತ್ತು, ಅಲುಗುತ್ತಿತ್ತು. ರಾಚಯ್ಯನ ಕಣ್ಣಲ್ಲಿ ನೀರು ಕಂಡಿತು. ಅವನು ಅದನ್ನು ತಾಳ ಹಿಡಿದ ಕೈಯಿಂದಲೇ ಒರೆಸಿಕೊಂಡ. ಹೀಗೆ ಅರ್ಧ ಕತೆ ದಾಟಿತು. ಪುಟ್ಟಮಾದಯ್ಯನ ದನಿ ಹಳೆಯ ದನಿಯಾಯಿತು. ಪೆಟ್ಟಿಗೆಯ ಮೇಲೆ ನೆಟ್ಟಿದ್ದ ಕಣ್ಣಿಗೆ ಧೈರ್ಯ ಬಂದು, ಸೊಲ್ಲಿನ ನಡುವೆ ಅದು ಮೆಲ್ಲಗೆ ಜನರ ಕಡೆಗೆ ಹೊರಳಿತು. ಅವನು ಹಾಡುವಾಗ ಜನರ ಮುಖ ಕಂಡದ್ದು ಅದೇ ಮೊದಲು. ಮುದುಕರನ್ನು ಕಂಡ, ತೊಡೆಯ ಮೇಲಿನ ಮಕ್ಕಳನ್ನು ಕಂಡ. ಆಮೇಲೆ ಅವನ ಕಣ್ಣು ಎದುರಿನ ಕಂಬದ ಬಳಿ ಬಂದು ನಿಂತಿತು.

ಮಲ್ಲಿಗಮ್ಮ ಸೆರಗು ಹೊದ್ದ ತಲೆಯನ್ನು ಕಂಬಕ್ಕೆ ಒಪ್ಪಿಸಿ, ಬಾಯಿ ಒಂದಿಷ್ಟು ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು. ಅದು ಇವತ್ತಿನ ನಿದ್ದೆಯಲ್ಲ. ಬಹಳ ವರ್ಷದ ಅಭ್ಯಾಸದ, ಯಾವ ತಾಳಕ್ಕೂ ಬೆಚ್ಚದ ನಿದ್ದೆ. ಆ ಮಡಿಲಲ್ಲಿ ಮಲಗಿ ಬೆಳೆದ ಕುಮಾರಿಗೆ ಅದು ಗೊತ್ತಿದ್ದ ಸಂಗತಿಯೇ. ಅಪ್ಪನ ನೋಟ ಅಲ್ಲಿ ನಿಂತದ್ದನ್ನು ಕಂಡು ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

ಜ್ಯೋತಿ ತಗ್ಗಿತು. ಪುಟ್ಟಮಾದಯ್ಯ ಸಾಲು ಎತ್ತಲಿಲ್ಲ. ರಾಚಯ್ಯ ತಾಳ ನಿಲ್ಲಿಸಿ ಗೆಳೆಯನ ಮುಖ ನೋಡಿದ, ಆ ನೋಟದ ಜಾಡು ಹಿಡಿದು ಕಂಬದ ಕಡೆ ನೋಡಿದ, ತಲೆ ತಗ್ಗಿಸಿ ನಗು ತಡೆಯಲು ತುಟಿ ಕಚ್ಚಿದ. ಆಗ ಪುಟ್ಟಮಾದಯ್ಯ ಹಾಡಿದ. ಏರುದನಿಯ ಜಾಗವನ್ನು ಲಾಲಿಯಷ್ಟು ಮೆತ್ತಗೆ ಮಾಡಿಕೊಂಡು, ತಂಬೂರಿಯನ್ನು ಬೆರಳ ತುದಿಯಲ್ಲಿ ಮಾತ್ರ ಮುಟ್ಟುತ್ತ ಹಾಡಿದ. ರಾಚಯ್ಯ ತಾಳದ ಮೇಲೆ ಅಂಗೈ ಮುಚ್ಚಿ, ಉಸಿರಿನಲ್ಲೇ ಸೊಲ್ಲು ಹಿಡಿದ.

ಪರದೆಯ ಮೇಲೆ ಜ್ಯೋತಿ ಕುಗ್ಗಿ ಕುಗ್ಗಿ ಒಂದು ಭತ್ತದ ಕಾಳಿನಷ್ಟಾಗಿ, ಅಲುಗುತ್ತ ಉಳಿಯಿತು. ಅದನ್ನು ಕಾಣಲು ಪುಟ್ಟಮಾದಯ್ಯ ಪೆಟ್ಟಿಗೆಯ ಕಡೆಗೆ ಸ್ವಲ್ಪ ಬಾಗಿದ.