ಪರದೆಯ ಹಿಂದಿನ ಯಜಮಾನಿ

ಚಿಕ್ಕಮ್ಮ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ನಾನು ಮೊದಲು ಕೇಳಿದ್ದು "ನೋವಾಗ್ತಿದೆಯಾ" ಅಂತ ಅಲ್ಲ, "ಅಂಗಡಿ ಯಾರು ನೋಡ್ಕೋತಾರೆ" ಅಂತ. ಉತ್ತರ ಗೊತ್ತಿದ್ದೇ ಹೆದರಿ ಕೇಳಿದ್ದೆ.

"ನೀನೇ," ಅಂದಳು, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಮಹಾರಾಜನಂತೆ ಕೂರಿಸಿಕೊಂಡು. "ಡಿಗ್ರಿ ಆಗಿದೆ. ಬಟ್ಟೆ ಗೊತ್ತು. ಬಾಯಿ ಒಂದಿಲ್ಲ, ಅದು ತಾನಾಗೇ ಬರುತ್ತೆ."

ಬರಲಿಲ್ಲ.

ಚಿಕ್ಕಮ್ಮನದು ಪರದೆ ಹೊಲಿಯುವ ಅಂಗಡಿ. ಉದ್ದನೆಯ ಕೋಣೆಯಲ್ಲಿ ಎರಡು ಸಾಲು ಹೊಲಿಗೆ ಯಂತ್ರಗಳು, ಕೊನೆಯಲ್ಲಿ ಗಾಜಿನ ಬಾಗಿಲಿನ ಪುಟ್ಟ ಕೊಠಡಿ. ಚಿಕ್ಕಮ್ಮ ಆ ಕೊಠಡಿಯಲ್ಲಿ ಕೂತಿದ್ದನ್ನು ಯಾರೂ ನೋಡಿಲ್ಲ. ನಾನು ಅಲ್ಲಿಂದ ಎದ್ದಿದ್ದನ್ನು ಯಾರೂ ನೋಡಲಿಲ್ಲ.

ಹೇಳಬೇಕಾದ್ದನ್ನೆಲ್ಲ ದೊಡ್ಡಕ್ಕನ ಕಿವಿಯಲ್ಲಿ ಹೇಳುತ್ತಿದ್ದೆ. ದೊಡ್ಡಕ್ಕ ಮೊದಲ ಸಾಲಿನ ಹಿರಿಯ ಹೊಲಿಗೆಯಾಕೆ. ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದ ನನ್ನನ್ನು ಪುಟ್ಟಿ ಅನ್ನುವವಳು. ನಾನು ಪಿಸುಗುಟ್ಟಿದ್ದನ್ನು ಅವಳು ಹೊರಗೆ ಹೋಗಿ ಸಾರುತ್ತಿದ್ದಳು. ಬಾಗಿಲು ಮುಚ್ಚಿರುತ್ತಿದ್ದುದರಿಂದ ಏನು ಸಾರಿದಳೋ ನನಗೆ ಕೇಳುತ್ತಿರಲಿಲ್ಲ, ಕೈ ಬೀಸುವುದಷ್ಟೇ ಕಾಣುತ್ತಿತ್ತು. ನಾನು ಹೇಳಿದ ಮಾತಿಗೆ ಅಷ್ಟೊಂದು ಕೈ ಬೇಕಾಗಿರಲಿಲ್ಲವಲ್ಲ ಅನ್ನಿಸಿದ್ದುಂಟು. ವಿಚಾರಿಸಲು ಹೋಗಲಿಲ್ಲ.

ನಾನೇ ಹೊರಗೆ ಹೋಗಿ ಮಾತಾಡಬೇಕು ಅಂತ ಕೂತಲ್ಲೇ ತಾಲೀಮು ಮಾಡುತ್ತಿದ್ದೆ. "ಎಲ್ಲರಿಗೂ ನಮಸ್ಕಾರ" ಅಂದರೆ ಭಾಷಣದ ಹಾಗಾಗುತ್ತೆ. "ಎಲ್ಲರದೂ ಊಟ ಆಯ್ತಾ" ಅನ್ನೋಣವೇ? ಬೆಳಿಗ್ಗೆ ಹತ್ತಕ್ಕೆ ಯಾರ ಊಟ ಆಗಿರುತ್ತೆ? ಹೀಗೆ ಯೋಚಿಸುತ್ತ ಯೋಚಿಸುತ್ತ ಮಧ್ಯಾಹ್ನವಾಗಿ, ಎಲ್ಲರದೂ ನಿಜಕ್ಕೂ ಊಟ ಆಗಿಬಿಡುತ್ತಿತ್ತು.

ಆಗ ಬಂತು ರಂಗಮಂದಿರದ ಪರದೆ. ದ್ರಾಕ್ಷಿ ಬಣ್ಣದ ಮಖಮಲ್ಲು. ಎಡ ಬಲ ಎರಡು ಭಾಗ, ಹಗ್ಗ ಎಳೆದರೆ ನಡುವಿನಿಂದ ಸರಿಯುವಂಥದ್ದು.

"ಇದು ಚೆನ್ನಾಗಿ ಬಂದ್ರೆ ಅವರ ಉಳಿದ ರಂಗಮಂದಿರಗಳ ಕೆಲಸವೂ ನಮಗೇ," ಫೋನಿನಲ್ಲಿ ಚಿಕ್ಕಮ್ಮ ಗುಡುಗಿದಳು. "ಕೆಟ್ರೆ, ಜನ್ಮಪೂರ್ತಿ ದಿಂಬಿನ ಕವರೇ ಗತಿ. ಕಾಲಂತೂ ಹೋಯ್ತು, ಹೆಸರಾದ್ರೂ ಉಳಿಸು ಮಗಳೇ."

ಮಖಮಲ್ಲು ಬೆಕ್ಕಿನ ಮೈ ಇದ್ದ ಹಾಗೆ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಒರಟು. ಅದರ ರೋಮ ಮೇಲ್ಮುಖವಾಗಿರುವಂತೆ ತೂಗುಹಾಕಿದರೆ ಬಣ್ಣ ಗಾಢ. ಕೆಳಮುಖವಾದರೆ ಅದೇ ಬಟ್ಟೆ ಬಿಳುಚಿಕೊಂಡು ಮಿಂಚುತ್ತದೆ. ಮನೆಗಳ ಪರದೆಗೆ ನಾವು ಯಾವಾಗಲೂ ಕೆಳಮುಖವಾಗೇ ಇಡುವುದು, ಧೂಳು ಕಡಿಮೆ. ರಂಗಮಂದಿರದ ಮ್ಯಾನೇಜರಿಗೆ ಗಾಢ ಬಣ್ಣವೇ ಬೇಕಿತ್ತು.

"ಈ ಸಲ ರೋಮ ಮೇಲ್ಮುಖ. ಎಲ್ಲರಿಗೂ ಹೇಳಿಬಿಡು ದೊಡ್ಡಕ್ಕ," ಅಂದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಎಡಭಾಗವನ್ನು ದೊಡ್ಡಕ್ಕನ ಸಾಲು ಹೊಲಿಯಿತು, ಬಲಭಾಗವನ್ನು ಎರಡನೇ ಸಾಲು. ಎರಡನ್ನೂ ಜೊತೆಗೆ ತೂಗುಹಾಕಿ ನೋಡುವಷ್ಟು ಎತ್ತರ ಅಂಗಡಿಗಿರಲಿಲ್ಲ. ಮಡಿಸಿ ವ್ಯಾನಿಗೆ ಹಾಕಿದೆವು.

ನಾಟಕದ ಹಿಂದಿನ ದಿನ ಅಂಗಡಿಯವರೆಲ್ಲ ರಂಗಮಂದಿರಕ್ಕೆ ಹೋಗಿ ಪರದೆ ಏರಿಸಿದೆವು. ಅಸ್ತರು ನೋಡುವ ನೆಪದಲ್ಲಿ ನಾನು ಅದರ ಹಿಂದೆ ಸೇರಿಕೊಂಡೆ. ನಿಜವಾಗಿ ಮ್ಯಾನೇಜರ ಕಣ್ಣಿಗೆ ಬೀಳಬಾರದು ಅಂತ. ಆಚೆ ದೀಪಗಳು ಹತ್ತಿದವು.

"ಅಯ್ಯೋ ದೇವರೇ," ದೊಡ್ಡಕ್ಕನ ದನಿ.

"ಏನ್ರೀ ಇದು!" ಮ್ಯಾನೇಜರು. "ಒಂದು ಕಡೆ ಮಾಗಿದ ದ್ರಾಕ್ಷಿ, ಇನ್ನೊಂದು ಕಡೆ ಒಣದ್ರಾಕ್ಷಿ! ನಿಮ್ಮ ಮೇಡಂನ ಹುಡುಕಿ ತನ್ನಿ. ನಾನು ಬೇರೆ ಅಂಗಡಿಗೆ ಫೋನ್ ಮಾಡ್ತೀನಿ." ಬೂಟಿನ ಸದ್ದು ದೂರವಾಯಿತು.

ಆಚೆ ಜಗಳ ಶುರುವಾಯಿತು.

"ರೋಮ ಮೇಲ್ಮುಖ ಅಂತ ಹೇಳಿರ್ಲಿಲ್ವಾ ನಿಮಗೆ?"

"ನೀನು ಹೇಳಿದ್ದು ಏನು, ಹೇಳ್ಲಾ ದೊಡ್ಡಕ್ಕ?" ಇದು ಗುಂಡಿ. ಎರಡನೇ ಸಾಲಿನ ಹುಡುಗಿ, ಗುಂಡಿ ಹಾಕುವುದರಲ್ಲಿ ನಿಸ್ಸೀಮಳು, ಬಾಯಿಗೆ ಮಾತ್ರ ಗುಂಡಿಯಿಲ್ಲ. "'ಮೇಡಂ ಕೆಂಡ ಆಗಿದಾರೆ, ಹೊಲಿಗೆ ಒಂದೆಳೆ ಸೊಟ್ಟ ಆದ್ರೂ ಹಲ್ಲಲ್ಲಿ ಬಿಚ್ಚಿಸ್ತಾರಂತೆ' ಅಂದೆ. ಹಲ್ಲಿನ ವಿಷಯ ಬಂತು, ರೋಮದ ವಿಷಯ ಬರ್ಲೇ ಇಲ್ಲ."

ಹಲ್ಲಲ್ಲಿ! ನಾನು! ದಂತವೈದ್ಯರಿಗೂ ಹಲ್ಲು ತೋರಿಸಲು ನಾಚುವವಳು.

"ಸ್ವಲ್ಪ ಒಗ್ಗರಣೆ ಹಾಕದಿದ್ರೆ ನೀವೆಲ್ಲಿ ಕೇಳ್ತೀರ?"

"ಒಗ್ಗರಣೆ ಬಂತಮ್ಮ, ಅಡುಗೆ ಬರ್ಲಿಲ್ಲ," ಎಂದರು ಕನ್ನಡಕದ ಮಾವ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ದಿನವಿಡೀ ಹುಡುಕುವ ಹಿರಿಯ ದರ್ಜಿ.

"ಅನುಮಾನ ಇದ್ರೆ ಮೇಡಂನೇ ಕೇಳ್ಬೇಕಿತ್ತು!"

"ಹೋಗಿದ್ದೆ ಕಣಕ್ಕ," ಅಂದಳು ಗುಂಡಿ. "ಗಾಜಿನ ಬಾಗಿಲ ತನಕ ಹೋದೆ. ಹುಬ್ಬು ಗಂಟು ಹಾಕ್ಕೊಂಡು ಗೋಡೆನ ಬೈತಾ ಇದ್ರು. ಗೋಡೆಗೇ ಆ ಗತಿ ಅಂದ್ರೆ ನಮ್ಮಂಥೋರಿಗೆ? ಬಂದ ದಾರಿ ಹಿಡಿದೆ."

ಅದು ಬೈಗುಳವಲ್ಲ ಮಾರಾಯ್ತಿ, "ಊಟ ಆಯ್ತಾ" ಎಂಬುದರ ತಾಲೀಮು.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಬಿಡದೇ ಬಣ್ಣ ಕೆಡಿಸಿದವಳು ನಾನೊಬ್ಬಳೇ ಇರಬೇಕು.

ಬೂಟಿನ ಸದ್ದು ಮರಳಿತು. "ಮೇಡಂ ಸಿಕ್ಕಿಲ್ವಾ? ಹೋಗ್ಲಿ, ಯಾರ ತಪ್ಪು ಇದು?"

ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಹೇಳಿಕೊಡಬೇಕಾದ ವಿದ್ಯೆಯೂ ಅಲ್ಲ. ಆದರೆ ಆಚೆಯಿಂದ ದೊಡ್ಡಕ್ಕನ ದನಿ, ಎಂದೂ ಕೇಳದಷ್ಟು ಸಣ್ಣಗೆ, "ಸಾರ್, ನಾನೇ..." ಅಂತು.

"ನಂದು!"

ನನ್ನ ಗಂಟಲೇ. ನಾನೂ ಬೆಚ್ಚಿದೆ.

"ಅಮ್ಮಾ, ಪರದೆ ಮಾತಾಡ್ತು!" ಗುಂಡಿ ಕಿರುಚಿದಳು.

ದೊಡ್ಡಕ್ಕ ಗಾಬರಿಯಲ್ಲಿ ಹಗ್ಗ ಎಳೆದಳು. ಪರದೆ ಗಂಭೀರವಾಗಿ ಎರಡೂ ಕಡೆಗೆ ಸರಿಯಿತು. ರಂಗದ ನಟ್ಟನಡುವೆ, ಬೆಳಕಿನಲ್ಲಿ, ಕೈಕಟ್ಟಿ ನಿಂತಿದ್ದೆ ನಾನು. ಕನ್ನಡಕದ ಮಾವ ಅಭ್ಯಾಸಬಲದಿಂದ ಚಪ್ಪಾಳೆಗೆ ಕೈ ಎತ್ತಿ ಇಳಿಸಿದರು.

"ತಪ್ಪು ನಂದು," ಅಂದೆ ಮತ್ತೆ. ಹುಬ್ಬು ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ, ಬಿಟ್ಟೆ. "ಒಬ್ಬರ ಕಿವಿಗೆ ಹೇಳಿ, ಎಲ್ಲರಿಗೂ ಹೇಳಿದೆ ಅಂದುಕೊಂಡೆ. ಮಾತು ಮುಟ್ಟಿತಾ ಅಂತ ಎದ್ದು ಬಂದು ನೋಡ್ಬೇಕಾದವಳು ನಾನು. ನೋಡ್ಲಿಲ್ಲ. ಇವರ್ಯಾರನ್ನೂ ಏನೂ ಅನ್ಬೇಡಿ ಸಾರ್. ಬಟ್ಟೆ ಕೆಟ್ಟಿಲ್ಲ, ಬಲಭಾಗ ತಲೆಕೆಳಗಾಗಿದೆ ಅಷ್ಟೆ. ಮೇಲಿನ ಪಟ್ಟಿ, ಕೆಳಗಿನ ಅಂಚು ಬಿಚ್ಚಿ ತಿರುಗಿಸಿ ಹೊಲಿದ್ರೆ ಸರಿಹೋಗುತ್ತೆ."

"ನಾಳೆ ಸಂಜೆಯೊಳಗೆ?"

ಹೂಂ ಅನ್ನಲು ಹೊರಟವಳು ತಡೆದೆ. "ಮಾವ, ಆಗುತ್ತಾ?"

ಮಾವ ಹಿಂದೆ ತಿರುಗಿ ನೋಡಿದರು, ಇನ್ನೊಬ್ಬ ಮಾವ ಇದ್ದಾನೇನೋ ಅಂತ. ಆಮೇಲೆ, "ಆಗುತ್ತೆ ಮೇಡಂ. ಆದ್ರೆ ಹಲ್ಲಲ್ಲಿ ಆಗಲ್ಲ, ಬ್ಲೇಡ್ ಕೊಡಿಸಿ."

ನಕ್ಕಿದ್ದು ಮೊದಲು ಮ್ಯಾನೇಜರು. ನಾಳೆ ಸಂಜೆಯ ತನಕ ಗಡುವು ಕೊಟ್ಟರು.

ಯಂತ್ರಗಳನ್ನು ರಂಗದ ಮೇಲೇ ತರಿಸಿದೆವು. ನಾನು ಒಬ್ಬೊಬ್ಬರ ಹತ್ತಿರವೂ ಹೋಗಿ ಕೂತೆ. "ರೋಮ ಯಾವ ಕಡೆಗೆ? ನೀವೇ ಹೇಳಿ ನೋಡೋಣ." ಗುಂಡಿ ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಸವರಿ, "ಹೀಗೆ ನುಣುಪು ಅಂದ್ರೆ ಸರಿ. ಇದನ್ನ ಮೊದಲೇ ಹೀಗೆ ಹೇಳೋಕೆ ಏನಾಗಿತ್ತು ಮೇಡಂ?" ಅಂದಳು. ದಾರ ಎತ್ತಿ ಕೊಟ್ಟೆ.

ದೊಡ್ಡಕ್ಕ ಮುಖ ಊದಿಸಿಕೊಂಡಿದ್ದಳು. "ಇನ್ಮೇಲೆ ನಾನು ಬೇಡ್ವಾ ಪುಟ್ಟಿ?"

"ನಿನ್ನ ಕಿವಿ ಬೇಕೇ ಬೇಕು ದೊಡ್ಡಕ್ಕ. ಬಾಯಿ ಮಾತ್ರ ನಂದೇ ಇರ್ಲಿ."

ಮರುದಿನ ಸಂಜೆ ಪರದೆ ಎರಡೂ ಕಡೆ ಮಾಗಿದ ದ್ರಾಕ್ಷಿಯೇ ಆಗಿತ್ತು. ಮ್ಯಾನೇಜರು ಸವರಿ ನೋಡಿ, ಉಳಿದ ರಂಗಮಂದಿರಗಳ ಅಳತೆಗೆ ಬರಲು ಹೇಳಿದರು. ನಮ್ಮನ್ನೆಲ್ಲ ಕೊನೆಯ ಸಾಲಿನಲ್ಲಿ ನಾಟಕಕ್ಕೆ ಕೂರಿಸಿದರು. ದೀಪ ಆರುವ ಮುಂಚೆ ಗುಂಡಿ ಬಾಗಿ ನನ್ನ ಮುಖವನ್ನೇ ನೋಡಿದಳು.

"ಮೇಡಂ, ಈಗ ಕೋಪ ಬಂದಿದೆಯಾ?"

"ಇಲ್ಲ. ಹಸಿವು. ಎರಡಕ್ಕೂ ಇದೇ ಹುಬ್ಬು."

ಆಗ ಹೊಳೆಯಿತು. ಗಡಿಬಿಡಿಯಲ್ಲಿ ಯಾರನ್ನೂ ವಿಚಾರಿಸಿರಲಿಲ್ಲ. ಇಷ್ಟು ದಿನ ತಾಲೀಮು ಮಾಡಿದ ಮಾತು. ಸಾಲಿನ ಆ ತುದಿಯ ಮಾವನಿಗೂ ಮುಟ್ಟಲಿ ಅಂತ ಎದೆತುಂಬ ಉಸಿರೆಳೆದು ಕೇಳಿಯೇಬಿಟ್ಟೆ:

"ಎಲ್ಲರದೂ ಊಟ ಆಯ್ತಾ?"

ಸರಿಯಾಗಿ ಅದೇ ಗಳಿಗೆಗೆ ದೀಪ ಆರಿ, ಸಭೆಯೆಲ್ಲ ಸ್ತಬ್ಧವಾಗಿ, ಪರದೆ ಸರಿಯುತ್ತಿತ್ತು. ಮುಂದಿನ ಸಾಲುಗಳ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು.

"ಶ್! ರೀ, ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳ್ರೀ!"

ನನ್ನ ಜೀವಮಾನದಲ್ಲಿ ಆ ಮಾತನ್ನು ನನಗೆ ಯಾರೂ ಅಂದಿರಲಿಲ್ಲ.