ಚಕ್ರ ತೊಳೆಯುವ ಶಿವರುದ್ರಮ್ಮನ ಎಡಗೈ

ಶಿವರುದ್ರಮ್ಮ ಎಂಟು ದಿನದಿಂದ ಇಷ್ಟಲಿಂಗವನ್ನು ತಾಮ್ರದ ತಟ್ಟೆಯಲ್ಲಿಟ್ಟು ಪೂಜೆ ಮಾಡುತ್ತಿದ್ದಳು. ಐವತ್ತೆರಡು ವರ್ಷದ ಬಾಳಿನಲ್ಲಿ ಹೀಗೆ ಆಗಿದ್ದೇ ಇಲ್ಲ. ಎಡಗೈ ಅಂಗೈಯೇ ಅವಳ ಗುಡಿ. ಬೆಳಗ್ಗೆ ಮಿಂದು, ವಿಭೂತಿ ಹಚ್ಚಿ, ಅಂಗೈ ಮೇಲೆ ಲಿಂಗ ಇಟ್ಟು ನೀರೆರೆದರೇ ಅವಳಿಗೆ ಬೆಳಗಾಗುವುದು. ಈಗ ಆ ಅಂಗೈ ಬಿರಿದಿತ್ತು. ನೀರು ಬಿದ್ದರೆ ಚುರ್ರೆನ್ನುತ್ತಿತ್ತು. ಒಂದು ದಿನ ಆ ಉರಿಗೆ ಕೈ ಅದುರಿ ಲಿಂಗ ಜಾರಿಯೇ ಬಿಟ್ಟಿತು. ಮಡಿಲಿಗೆ ಬಿದ್ದದ್ದರಿಂದ ಬಚಾವು. ಅಂದಿನಿಂದ ತಟ್ಟೆ.

"ಬಲಗೈ ನೆಟ್ಟಗೇ ಐತೆ. ಎಡಗೈಗೆ ಮಾತ್ರ ಏನು ಬಂತು?"

ಊರ್ಡಿಗೆರೆಯಿಂದ ಬಟವಾಡಿಗೆ ಕೆಲಸಕ್ಕೆ ಬರುವ ಬಸ್ಸಿನಲ್ಲಿ ಕೂತು ಅವಳು ಇದನ್ನೇ ಯೋಚಿಸುತ್ತಿದ್ದಳು. ಪಾತ್ರೆ ಉಜ್ಜುವುದು ಎರಡೂ ಕೈಯಲ್ಲಿ. ಬಟ್ಟೆ ಒಗೆಯುವುದು ಎರಡೂ ಕೈಯಲ್ಲಿ. ಎಡಗೈ ಒಂದೇ ಮಾಡುವ ಕೆಲಸ ಯಾವುದು?

ಬಟವಾಡಿಯ ಹೈವೇ ಪಕ್ಕ ಚನ್ನೇಶನ ವಾಟರ್ ಸರ್ವೀಸ್ ಇದೆ. ಅಲ್ಲಿ ಕಾರಿನ ಮೈ ತೊಳೆಯುವವರು ಬೇರೆ, ಚಕ್ರ ತೊಳೆಯುವವಳು ಶಿವರುದ್ರಮ್ಮ. ಬಲಗೈಯಲ್ಲಿ ಬ್ರಷ್ಷು. ಎಡಗೈಯಲ್ಲಿ ಬಕೆಟ್ಟಿಗೆ ಅದ್ದಿದ ಚಿಂದಿ ಬಟ್ಟೆ. ಬಕೆಟ್ಟಿನಲ್ಲಿ, ನೀರಿಗೆ ಬೆರೆಸಿದ ಒಂದು ಮುಚ್ಚಳ "ಅದು".

"ಅದು" ಎಂದರೆ ಮೂಲೆಯಲ್ಲಿದ್ದ ನೀಲಿ ಕ್ಯಾನು. ಮೇಲೆ ಚೀಟಿಯಿಲ್ಲ, ಹೆಸರಿಲ್ಲ, ಒಳಗೇನಿದೆ ಎಂಬ ಬರಹವಿಲ್ಲ. ಎರಡು ತಿಂಗಳ ಹಿಂದೆ ಅದನ್ನು ತಂದಾಗ ಚನ್ನೇಶ ಹೇಳಿದ್ದ: "ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ಬೆಳಗಲ್ವಾ, ಇದೂ ಅಂಗೇ ಕಣಕ್ಕ. ಹಾಕಿದ ತಕ್ಷಣ ಫಳಫಳ!" ಶಿವರುದ್ರಮ್ಮ ಅದನ್ನು ನಂಬಿದಳು. ಹುಣಸೆಹುಳಿಯಲ್ಲಿ ಮಠದ ದೀಪಗಳನ್ನು ಬೆಳಗಿ ಬೆಳಗಿ ಬೆಳೆದವಳು ಅವಳು. ಹುಳಿ ಯಾವತ್ತಾದರೂ ಕೈ ಕಚ್ಚೀತೇ? ಚಕ್ರದ ಕಪ್ಪು ಎರಡೇ ನಿಮಿಷದಲ್ಲಿ ಇಳಿಯುವುದನ್ನು ಕಂಡು ಹಿಗ್ಗಿದ್ದೂ ಅವಳೇ.

ಅವತ್ತು ಬೆಳಗ್ಗೆ ಮೊದಲು ಬಂದದ್ದು ಅನುಪಮಾಳ ಕಾರು. ಬಟವಾಡಿಯಲ್ಲೇ ಬಾಡಿಗೆ ಮನೆ, ಗುಬ್ಬಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ. ಕಾರಿನಿಂದಿಳಿದು ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಚನ್ನೇಶಣ್ಣ, ಹೋದ ತಿಂಗ್ಳು ಇಲ್ಲೇ ತೊಳೆಸಿದ್ದು. ನೋಡಿ, ಚಕ್ರದ ತುಂಬ ಬಿಳಿ ಮಚ್ಚೆ."

"ಅದು ಬೋರ್ ನೀರಿನ ಉಪ್ಪು ಮೇಡಂ. ನಮ್ ಕಡೆ ನೀರೇ ಅಂಗೆ, ಏನ್ ಮಾಡಾಣ?"

"ಉಪ್ಪಿನ ಕಲೆ ಮೇಲೆ ಕೂತಿರುತ್ತೆ. ಇದು ಒಳಗೆ ತಿಂದಿದೆ. ಏನು ಹಾಕ್ತೀರಾ?"

"ಏನೋ ಚಕ್ರದ್ದು ಲಿಕ್ವಿಡ್ಡು…"

"ಡಬ್ಬಿ ತೋರ್ಸಿ."

ಚನ್ನೇಶ ತಲೆ ಕೆರೆದುಕೊಂಡ. ಶಿವರುದ್ರಮ್ಮ ಎಡಗೈಯಲ್ಲೇ ಕ್ಯಾನಿನತ್ತ ತೋರಿಸಿದಳು. ಅನುಪಮಾ ಕ್ಯಾನು ನೋಡಲಿಲ್ಲ, ಆ ಅಂಗೈ ನೋಡಿದಳು.

"ಅಕ್ಕಾ, ಇದೇನಿದು ಕೈ! ಎಷ್ಟು ದಿನ ಆಯ್ತು?"

"ಎಂಟು ದಿನದಿಂದ ಜಾಸ್ತಿ ಕಣವ್ವ. ತೊಳೆಯೋವಾಗ ಉರಿಯಾಕಿಲ್ಲ. ಮನೆಗೆ ಹೋದ್ಮೇಲೆ ಶುರುವಾಯ್ತದೆ. ಅದೇ ನಂಗೆ ತಿಳೀತಿಲ್ಲ."

"ಅದೇ ಅದರ ಮೋಸ. ಕೆಲವು ಚಕ್ರದ ಆಸಿಡ್ ಮುಟ್ಟಿದ ತಕ್ಷಣ ಉರಿಯಲ್ಲ. ಚರ್ಮದೊಳಗೆ ಇಳಿದು ಗಂಟೆಗಟ್ಟಲೆ ಆದ್ಮೇಲೆ ನೋವು ಕೊಡುತ್ತೆ. ಮೂಳೆವರೆಗೂ ಹೋಗುವಂಥವೂ ಇವೆ."

"ಆಸಿಡ್ ಅಂತ ಯಾರ್ ಹೇಳಿದ್ರು ಮೇಡಂ?" ಚನ್ನೇಶ ನಕ್ಕ. "ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಾದು. ನೀರೇ ಅದು ಬುಡಿ."

"ದಾಸವಾಳಾನೇ ಕೇಳೋಣ," ಎಂದಳು ಅನುಪಮಾ.

ಶಿವರುದ್ರಮ್ಮನ ಕಣ್ಣರಳಿತು. ದಾಸವಾಳ ಏನು ಹೇಳೀತು?

ಕಾಂಪೌಂಡಿನ ಗಿಡದಿಂದ ನಾಲ್ಕು ಕೆಂಪು ದಾಸವಾಳ ಕಿತ್ತು, ಟೀ ಅಂಗಡಿಯ ಬಿಸಿನೀರಲ್ಲಿ ಕಿವುಚಿದ್ದಾಯಿತು. ನೀರು ನೇರಳೆಗೆ ತಿರುಗಿತು. ಅದನ್ನು ನಾಲ್ಕು ಕಾಗದದ ಲೋಟಕ್ಕೆ ಹಂಚಿದರು. ಒಂದಕ್ಕೆ ನಿಂಬೆಹಣ್ಣು ಹಿಂಡಿದರೆ ಬಣ್ಣ ಕೆಂಪು. ಇನ್ನೊಂದಕ್ಕೆ ಬಟ್ಟೆ ಸೋಪಿನ ಪುಡಿ, ಬಣ್ಣ ಹಸಿರು!

"ಅಯ್ಯೋ ಶಿವನೇ! ದಿನಾ ಲಿಂಗಕ್ಕೆ ಇದನ್ನೇ ಏರಿಸ್ತೀನಿ, ಇದ್ರೊಳಗೆ ಇಷ್ಟೊಂದು ಆಟ ಐತಾ?"

ಮೂರನೆಯದಕ್ಕೆ ಅನುಪಮಾ ತನ್ನ ಕಾರಿನಲ್ಲಿದ್ದ ಶಾಂಪೂ ಹನಿಸಿದಳು. ಲೇಬಲ್ ಮೇಲೆ ಪಿ.ಎಚ್. ನ್ಯೂಟ್ರಲ್, ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ, ಎಂದು ಬರೆದಿತ್ತು. ಬಣ್ಣ ಕದಲಲಿಲ್ಲ. ಆಮೇಲೆ ಕಾರಿನಲ್ಲೇ ಇದ್ದ ದಪ್ಪ ರಬ್ಬರ್ ಗ್ಲೌಸ್ ಕೈಗೆ ಹಾಕಿ, ಕ್ಯಾನಿನಿಂದಲ್ಲ, ನೀರು ಬೆರೆಸಿಟ್ಟ ಬಕೆಟ್ಟಿನಿಂದಲೇ ಒಂದು ಚಮಚ ತೆಗೆದು ನಾಲ್ಕನೆಯದಕ್ಕೆ ಹಾಕಿದಳು.

ಲೋಟ ನಿಂಬೆಗಿಂತಲೂ ಕೆಂಪಾಯಿತು.

"ಒಂದು ಬಕೆಟ್ ನೀರು ಬೆರೆಸಿದ್ಮೇಲೂ ಇಷ್ಟು ಹುಳಿ," ಎಂದಳು ಅನುಪಮಾ. "ದಾಸವಾಳಕ್ಕೆ ಹುಳಿ ಗೊತ್ತಾಗುತ್ತೆ, ಯಾವ ಆಸಿಡ್ ಅಂತ ಗೊತ್ತಾಗಲ್ಲ. ಅದನ್ನ ಹೇಳಬೇಕಾದ್ದು ಚೀಟಿ. ಚೀಟಿ ಇಲ್ಲದ ಕ್ಯಾನನ್ನ ಮನೇಲಿ ತೆಗೆದು ಪರೀಕ್ಷೆ ಮಾಡೋಕೂ ಹೋಗಬೇಡಿ."

ಚನ್ನೇಶ ಆ ಕೆಂಪು ಲೋಟವನ್ನು ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, "ಮತ್ತೆ ಕಪ್ಪು ಹೋಗಾದೆಂಗೆ? ಶಾಂಪೂಗೆಲ್ಲ ಬ್ರೇಕಿನ ಧೂಳು ಬಗ್ಗಲ್ಲ ಮೇಡಂ," ಎಂದ.

ಅನುಪಮಾ ಇನ್ನೊಂದು ಬಾಟಲಿ ತೆಗೆದಳು. "ಇದು ಅಯರ್ನ್ ರಿಮೂವರ್. ಇದೂ ನ್ಯೂಟ್ರಲ್. ಗ್ಲೌಸ್ ಮಾತ್ರ ಇದಕ್ಕೂ ಬೇಕು. ಚಕ್ರ ತಣ್ಣಗಿದೆಯಾ?"

ಶಿವರುದ್ರಮ್ಮ ಮುಟ್ಟಿ ನೋಡಹೋದಳು. ಅನುಪಮಾ ಅವಳ ಕೈ ಹಿಡಿದು ನಿಲ್ಲಿಸಿ, ತಾನೇ ನೋಡಿದಳು. ಕಾರನ್ನು ನೆರಳಿಗೆ ತಳ್ಳಿ, ಚಕ್ರಕ್ಕೆ ಮೊದಲು ಬರೀ ನೀರು ಹೊಡೆದು, ಶಾಂಪೂ ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿದರು. ಉಳಿದ ಕಪ್ಪಿನ ಮೇಲೆ, ಮೊದಲು ಹೊರಗೆ ಕಾಣದ ಒಂದು ಮೂಲೆಗೆ ಹಾಕಿ ನೋಡಿ, ಆಮೇಲೆ ಪೂರ್ತಿ, ಬಾಟಲಿಯ ದ್ರವ ಸಿಂಪಡಿಸಿದರು. ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯಿತು. ಒಂದು ನಿಮಿಷ. ಎರಡು. ಚಕ್ರದ ಸಂದುಸಂದಿನಿಂದ ನೇರಳೆ ಬಣ್ಣ ಇಳಿಯತೊಡಗಿತು.

"ಏನ್ಲಾ ಚನ್ನೇಶ! ಚಕ್ರ ನೇರಳೆಹಣ್ಣು ತಿಂದಂಗೈತೆ!"

"ಬ್ರೇಕಿನ ಧೂಳಲ್ಲಿರೋ ಕಬ್ಬಿಣ ಕರಗ್ತಿದೆ ಅಕ್ಕ. ಒಣಗೋಕೆ ಬಿಡಬಾರದು. ನೀರು ಹೊಡೀರಿ ಈಗ," ಎಂದಳು ಅನುಪಮಾ.

ನೀರು ಹೊಡೆದರು. ಕಪ್ಪು ಇರಲಿಲ್ಲ. ಹಳೆಯ ಬಿಳಿ ಮಚ್ಚೆಗಳು ಮಾತ್ರ ಹಾಗೇ ಇದ್ದವು. ಆಸಿಡ್ ತಿಂದದ್ದು ಮರಳಿ ಬಾರದು.

"ಒಂದು ಚಕ್ರಕ್ಕೆ ಹತ್ತು ನಿಮಿಷ," ಚನ್ನೇಶ ಗೊಣಗಿದ. "ಗಿರಾಕಿ ಕಾಯ್ತಾನಾ?"

ಆಗ ಶಿವರುದ್ರಮ್ಮ ಎದ್ದು ನಿಂತಳು. ಬ್ರಷ್ಷು ಕೆಳಗಿಟ್ಟಳು.

"ಕಾಯದಿದ್ರೆ ಹೋಗ್ಲಿ ಕಣಪ್ಪ! ಹೊಳಪು ಅವ್ರಿಗೆ, ಸುಟ್ಟ ತೊಗಲು ನಂಗೆ, ಇದ್ಯಾವ ನ್ಯಾಯ? ಹೆಸರಿಲ್ಲದ ಕ್ಯಾನ್ ಇನ್ಮೇಲೆ ನಾನು ಮುಟ್ಟಾಕಿಲ್ಲ. ಗ್ಲೌಸ್ ತಂದ್ಕೊಡು, ಚೀಟಿ ಇರೋದು ತಂದ್ಕೊಡು. ಆಗ ಬ್ರಷ್ ಹಿಡೀತೀನಿ. ನಮ್ಮಪ್ಪ ಲಿಂಗ ಕಟ್ಟಿಸಿದ್ದು ತಟ್ಟೆಗಲ್ಲ, ಈ ಕೈಗೆ!"

ಚನ್ನೇಶನ ಮುಖ ಇಳಿಯಿತು. ಅವನ ಕೊರಳಲ್ಲೂ ಲಿಂಗದ ಕರಡಿಗೆ ಇತ್ತು. ಅವನು ತನ್ನ ಎಡಗೈ ತಿರುಗಿಸಿ ನೋಡಿಕೊಂಡ. ಅದು ನುಣ್ಣಗಿತ್ತು.

"ತಟ್ಟೇಲಿ ಪೂಜೆ ಮಾಡ್ತಿದೀಯಾ ಅಕ್ಕ? ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲಪ್ಪ."

ಆಗಲೇ ಅವನು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಇನ್ನೂ ಒಂದು ತಿಂಗಳು ಬಿಟ್ಟಿದ್ದರೆ ಬೆರಳು ಮಡಿಸುವುದೇ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ಇಬ್ಬರಿಗೂ ಬೈದರು. ಮೂರು ವಾರ ರಜೆ, ಕೂಲಿ ಮುರಿಯದ ರಜೆ. ಅದಕ್ಕೆ ಅವಳು ಚನ್ನೇಶನನ್ನು ಮರಳುವಾಗ ಬೈಕಿನ ಮೇಲೆಯೇ ಒಪ್ಪಿಸಿದಳು. ಕ್ಯಾನನ್ನು ಚರಂಡಿಗೆ ಸುರಿಯದೆ ಮುಚ್ಚಳ ಬಿಗಿದು, ಮಾರಿದವನ ಬಾಗಿಲಿಗೇ ಚನ್ನೇಶ ವಾಪಸು ಹೊತ್ತ.

ನಾಲ್ಕನೆಯ ಸೋಮವಾರ ಬೆಳಗ್ಗೆ ಶಿವರುದ್ರಮ್ಮ ತಾಮ್ರದ ತಟ್ಟೆ ಪಕ್ಕಕ್ಕೆ ಸರಿಸಿದಳು. ಅಂಗೈ ಮೇಲೆ ಲಿಂಗ ಇಟ್ಟು, ಹೆದರಿ ಹೆದರಿ ಒಂದು ಹನಿ ನೀರು ಬಿಟ್ಟಳು. ಉರಿಯಲಿಲ್ಲ. ಒಂದು ದಾಸವಾಳ ಏರಿಸಿ, "ನೀನು ಸಾಕ್ಷಿ ಹೇಳಿದ್ದಕ್ಕೆ," ಎಂದು ನಕ್ಕಳು.

ಓದುವವರೇ, ಕೇಳುವವರೇ, ನಿಮಗೂ ಕಾರಿರಬಹುದು, ಇಲ್ಲವೇ ಕಾರು ತೊಳೆಯುವ ಕೆಲಸವಿರಬಹುದು. ಚಕ್ರಕ್ಕೆ ಏನೇ ಹಾಕುವ ಮೊದಲು "ಡಬ್ಬಿ ತೋರ್ಸಿ" ಎನ್ನಿ. ಒಳಗೇನಿದೆ ಎಂದು ಬರೆದಿರದಿದ್ದರೆ ಬೇಡ ಎನ್ನಿ. ನ್ಯೂಟ್ರಲ್ ಎಂದಿರುವುದನ್ನೇ ಆರಿಸಿ, ನಿಮ್ಮ ಚಕ್ರಕ್ಕೆ ಆಗುತ್ತದೆಯೇ ಓದಿ ನೋಡಿ. ಬಿಸಿ ಚಕ್ರಕ್ಕೆ, ಬಿಸಿಲಲ್ಲಿ ಹಾಕಬೇಡಿ. ಒಂದಕ್ಕೊಂದು ಬೆರೆಸಬೇಡಿ. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅಪ್ಪಿತಪ್ಪಿ ಆಸಿಡ್ ತಾಗಿದರೆ ಹರಿಯುವ ನೀರಲ್ಲಿ ತಕ್ಷಣ ತೊಳೆಯಿರಿ. ನೋವಿಲ್ಲವೆಂದು ಕೂರದೆ, ತಾಗಿದ್ದು ಯಾವುದೆಂದು ತಿಳಿದುಕೊಂಡು ಆಸ್ಪತ್ರೆಗೆ ಓಡಿ.

ಹತ್ತು ನಿಮಿಷ ಕಾಯುವುದು ನಿಮ್ಮಿಂದ ಆಗದ ಕೆಲಸವಲ್ಲ. ನಿಮ್ಮ ಚಕ್ರ ಹೊಳೆಯಲಿ, ಬೇಡವೆನ್ನುವವರು ಯಾರು? ಹೊಳಪು ನೋಡುವ ಮೊದಲು, ಅದನ್ನು ತೊಳೆದವರ ಅಂಗೈ ನೋಡಿ.