ಕೋಮಲ ಬರೆಸಿದ ಚೀಟಿ

ಚನ್ನಮಲ್ಲಮ್ಮ ಮಧುವನಹಳ್ಳಿಯಿಂದ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದಾಗ ಆಸ್ಪತ್ರೆಯ ಚೀಟಿ ಕಿಟಕಿ ಇನ್ನೂ ತೆರೆದಿರಲಿಲ್ಲ. ಕಿಟಕಿಯಿಂದ ಗೇಟಿನವರೆಗೆ ಚಪ್ಪಲಿಗಳು ಸಾಲಾಗಿದ್ದವು. ಚಪ್ಪಲಿಯವರು ಬೇವಿನ ಮರದಡಿ ಕೂತಿದ್ದರು. ಮೂಳೆ ಡಾಕ್ಟರು ಬರುವುದು ಗುರುವಾರ ಮಾತ್ರ. ಕೊಡುವುದು ಮೂವತ್ತು ಚೀಟಿ. ಹಿಂದಿನ ಎರಡು ಗುರುವಾರವೂ ಅವಳ ಸರದಿ ಬರುವಷ್ಟರಲ್ಲಿ ಮುಗಿದುಹೋಗಿದ್ದವು. ತನ್ನ ಚಪ್ಪಲಿ ಬಿಡುವ ಮುಂಚೆ ಎಣಿಸಿದಳು. ಮೂವತ್ತನಾಲ್ಕು ಜೊತೆ. ಏಳನೆಯದರ ಮೇಲೆ ಕಣ್ಣು ನಿಂತಿತು. ನೀಲಿ ಪಟ್ಟಿ, ಎಡಗಾಲಿನದಕ್ಕೆ ಕಪ್ಪು ದಾರದ ಹೊಲಿಗೆ. ಓರಗಿತ್ತಿ ಕೋಮಲಳದು.

ಕೋಮಲಳಿಗೆ ಯಾವ ಮೂಳೆ ನೋವು? ನಿನ್ನೆ ಸಂಜೆ ಎರಡು ಬಿಂದಿಗೆ ನೀರು ಹೊತ್ತು ತಂದವಳು.

ಚನ್ನಮಲ್ಲಮ್ಮನ ಬಲಗಾಲಿನ ಗಿಣ್ಣು ನೋಯತೊಡಗಿ ಒಂದೂವರೆ ತಿಂಗಳಾಗಿತ್ತು. ಬಿದ್ದಿರಲಿಲ್ಲ, ಉಳುಕಿರಲಿಲ್ಲ. ಅಮಾವಾಸ್ಯೆಯ ಮಾರನೆಯ ದಿನ ಹಿತ್ತಿಲ ಬಾಗಿಲಲ್ಲಿ ಕುಂಕುಮ ಹಚ್ಚಿದ ನಿಂಬೆಹೋಳೊಂದನ್ನು ತುಳಿದದ್ದು ಮಾತ್ರ ನೆನಪಿತ್ತು. ದೃಷ್ಟಿ ತೆಗೆದದ್ದನ್ನು ಮೂರು ದಾರಿ ಕೂಡುವಲ್ಲಿ ಹಾಕುತ್ತಾರೆ, ಹಿತ್ತಿಲಲ್ಲಿ ಯಾರು ಹಾಕುತ್ತಾರೆ? ಆ ಬಾಗಿಲು ಬಳಸುವವರು ಇಬ್ಬರೇ, ತಾನು ಮತ್ತು ಕೋಮಲ.

ಅವಳ ಹೆದರಿಕೆ ಕಾಲಿಗಿಂತ ಹುಳುವಿನ ಮನೆಯದು. ಹನ್ನೊಂದು ವರ್ಷದಿಂದ ರೇಷ್ಮೆಹುಳು ಸಾಕುವುದು ಅವಳೇ. ಅವರ ಮನೆಯಲ್ಲಿ ಮೊದಲ ಸೊಪ್ಪು ಹಾಕಿದ ಹೆಂಗಸೇ ಗೂಡು ಬಿಡಿಸುವವರೆಗೆ ನೋಡಬೇಕು, ನಡುವೆ ಇನ್ನೊಬ್ಬಳು ಒಳಗೆ ಕಾಲಿಡುವಂತಿಲ್ಲ. ಸೋಮವಾರ ಮರಿಹುಳು ಬರುವುದಿತ್ತು. "ನಿನ್ ಕೈಲಾಗ್ದಿದ್ರೆ ಈ ಬೆಳೆ ಕೋಮಲ ನೋಡ್ಕಳ್ಳಿ" ಎಂದು ಅತ್ತೆ ಚಿಕ್ಕಮಾದಮ್ಮ ಆಗಲೇ ಅಂದಿದ್ದರು. ಒಮ್ಮೆ ಅವಳ ಕೈಗೆ ಹೋಗಿ ಗೂಡು ಚೆನ್ನಾಗಿ ಬಂದರೆ ಮತ್ತೆ ತನಗೆ ಬರುವುದುಂಟೆ? ಆಮೇಲೆ ಆ ಮನೆಯಲ್ಲಿ ತಾನು ಯಾರು?

ಮರದಡಿಯಿಂದ ಕೋಮಲ ಬರಿಗಾಲಲ್ಲಿ ಎದ್ದು ಬಂದಳು.

"ಅಕ್ಕ, ಇಷ್ಟೊತ್ತಿಗಾ ಬರೋದು? ನೀ ಏಳೋಕ್ ಮುಂಚೇನೆ ನಿನ್ ಮೈದ್ನ ಕುಂತೂರು ಫ್ಯಾಕ್ಟ್ರಿಗೆ ಓಯ್ತಾ ನನ್ನ ಇಲ್ಲಿ ಇಳಿಸ್ಬುಟ್ಟು ಓದ್ರು."

"ನಿಂಗೇನಾಗದೆ?"

"ನಂಗೇನಾದದು, ಗುಂಡ್ಕಲ್ಲಂಗಿವ್ನಿ. ಚೀಟಿ ನಿಂಗೆ. ನಿನ್ ಹೆಸರಲ್ಲೇ ಬರಿಸ್ತೀನಿ."

ಯಳಂದೂರಿನ ಕಡೆಯಿಂದ ಬಂದಿದ್ದ ಪುಟ್ಟಮಾದಮ್ಮ ಎಂಬ ಮುದುಕಿ ನಕ್ಕಳು. "ಓರಗಿತ್ತೀರಾ? ನಮ್ಮೋಳಾಗಿದ್ರೆ ನನ್ ಚಪ್ಲೀನ ಮೋರಿಗೆ ಎಸ್ದುಬುಟ್ಟು ಓಗೋಳು ಕಣವ್ವ."

ಕೂತವರೆಲ್ಲ ನಕ್ಕರು. ಚನ್ನಮಲ್ಲಮ್ಮ ನಗಲಿಲ್ಲ. ಕೇಳದೆ ಇಷ್ಟು ಮಾಡುವುದೇಕೆ? ಡಾಕ್ಟರು ಸುಮ್ಮನೆ ಕೂತಿರಿ ಎಂದು ಬರೆದುಕೊಟ್ಟರೆ ಸಾಕು, ಕೋಮಲ ಹುಳುವಿನ ಮನೆಯನ್ನು ಬಾಯಿ ಬಿಟ್ಟು ಕೇಳಬೇಕಾಗಿಯೂ ಇಲ್ಲ. ಆದರೂ ಬೇಡವೆನ್ನಲು ಮುಂದಿದ್ದ ಮೂವತ್ತನಾಲ್ಕು ಜೊತೆ ಚಪ್ಪಲಿ ಬಿಡಲಿಲ್ಲ.

ಡಾಕ್ಟರು ಗಿಣ್ಣು ಒತ್ತಿ ನೋಡಿದರು, ತಿರುಗಿಸಿದರು, ಎಕ್ಸ್‌ರೇ ತೆಗೆಸಿದರು.

"ಮೂಳೆ ಸರಿಯಾಗಿದೆ. ಯಾಕೆ ನೋವು ಅಂತ ಈಗಲೇ ಹೇಳೋಕಾಗಲ್ಲಮ್ಮ. ರಕ್ತ ಪರೀಕ್ಷೆ ಮಾಡಿಸ್ಕೊಂಡು ಮುಂದಿನ ಗುರುವಾರ ಬನ್ನಿ. ಚೀಟಿ ಬೇಡ, ಇದನ್ನೇ ತೋರಿಸಿ. ಮೂರು ವಾರ ನಿಂತು ಕೆಲಸ ಮಾಡಬೇಡಿ."

"ನಿಂತ್ರೆ ಸಾ?"

"ಹೆಚ್ಚಾಗುತ್ತೆ. ಆಮೇಲೆ ಕುಂಟ್ಕೊಂಡು ಬಂದು ನನ್ನ ಕೇಳಬೇಡಿ."

ಮೂರು ವಾರ. ಮರಿಹುಳು ಗೂಡು ಕಟ್ಟುವುದಕ್ಕೂ ಹೆಚ್ಚುಕಮ್ಮಿ ಅಷ್ಟೇ ದಿನ. ಹೊರಗೆ ಕೋಮಲ ಕಾಯುತ್ತಿದ್ದಳು. ಚನ್ನಮಲ್ಲಮ್ಮ ಡಾಕ್ಟರ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು.

"ಏನಂದ್ರಕ್ಕ?"

"ಏನೂ ಇಲ್ವಂತೆ. ಓಡಾಡ್ಕಂಡಿದ್ರೆ ಸರೋಯ್ತದಂತೆ."

"ಸದ್ಯ! ಹಂಗಾದ್ರೆ ನಾ ಹಿಂಗೇ ಅಜ್ಜೀಪುರಕ್ಕೆ ಓಯ್ತೀನಿ. ನಾಳಿದ್ದು ನಮ್ಮವ್ವಂಗೆ ಕಣ್ಣಿನ ಆಪ್ರೇಸನ್ನು, ಒಂದ್ ತಿಂಗ್ಳು ಇದ್ದು ಬತ್ತೀನಿ. ನಿಂಗೇನಾರ ಹೆಚ್ಚಾಗಿದ್ರೆ ಉಳ್ಕಳನ ಅಂತಿದ್ದೆ."

ಆಗಲೇ ಚನ್ನಮಲ್ಲಮ್ಮ ಅವಳ ಕೈಯಲ್ಲಿದ್ದ ವೈರ್ ಬ್ಯಾಗನ್ನು ನೋಡಿದ್ದು. ಮೇಲೆ ಎರಡು ಸೀರೆ ಕಾಣುತ್ತಿದ್ದವು. ಹುಳುವಿನ ಮೇಲೆ ಕಣ್ಣಿಟ್ಟವಳು ಬಟ್ಟೆ ತುಂಬಿಕೊಂಡು ಬರುತ್ತಾಳೆಯೇ? ತೋರಿಸಲೆಂದೇ ತುಂಬಿಕೊಂಡಿದ್ದರೆ?

ಬಸ್ ಸ್ಟ್ಯಾಂಡಿನಲ್ಲಿ ಅಜ್ಜೀಪುರದ ಕಡೆಗಿನ ಹನೂರಿನ ಬಸ್ಸು ಹೊರಟು ನಿಂತಿತ್ತು. ಕೋಮಲ ಮೆಟ್ಟಿಲು ಹತ್ತಿದಳು. ಅತ್ತೆಗೆ ಕಣ್ಣು ಮಂಜು. ಮನೆಯಲ್ಲಿ ಬೇರೆ ಹೆಂಗಸಿಲ್ಲ. ಸೋಮವಾರದಿಂದ ದಿನಕ್ಕೆ ನಾಲ್ಕು ಹೊತ್ತು ಸೊಪ್ಪು, ಅದೂ ಈ ಕಾಲಿನ ಮೇಲೆ ನಿಂತು. ಕಂಡಕ್ಟರು ಸೀಟಿ ಊದಿದ.

"ಕೋಮಲ, ಇಳಿಯೇ!"

ಇಳಿದವಳ ಕೈಗೆ ಚನ್ನಮಲ್ಲಮ್ಮ ಕಾಗದ ಕೊಟ್ಟಳು. "ಮೂರು ವಾರ ನಿಲ್ಬಾರ್ದಂತೆ."

"ಮತ್ಯಾಕೆ ಸುಳ್ಳೇಳ್ದೆ?"

"ಹುಳ ನೀ ಹಿಡ್ಕಬುಡ್ತೀಯ ಅಂತ."

ಬಸ್ಸು ಹೋಯಿತು. ಕೋಮಲ ಅದು ತಿರುವು ದಾಟುವವರೆಗೆ ನೋಡಿದಳು. "ಹುಳ ಮುಟ್ಟಿದ್ರೆ ನಂಗೆ ಮೈಯೆಲ್ಲಾ ಜುಮ್ ಅಂತದೆ. ಎಂಟು ವರ್ಸ ಒಂದೇ ಮನೇಲಿದ್ದೂ ನಿಂಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಿಜವೋ ಅಲ್ಲವೋ, ಅದೂ ಗೊತ್ತಾಗಲಿಲ್ಲ. ಕೋಮಲ ತನ್ನ ತಮ್ಮನ ಹೆಂಡತಿಗೆ ಫೋನು ಮಾಡಿ ಅವ್ವನನ್ನು ನೋಡಿಕೊಳ್ಳಲು ಹೇಳುತ್ತಿದ್ದಾಗ, ಆ ಕಡೆಯಿಂದ ದನಿ ಕೇಳಿಸುತ್ತದೆಯೇ ಎಂದು ಚನ್ನಮಲ್ಲಮ್ಮ ಹತ್ತಿರಕ್ಕೆ ಸರಿದು ನಿಂತಳು. ಕೇಳಿಸಿತು. ಆ ಹೆಣ್ಣು ಬೈಯುತ್ತಿತ್ತು.

"ಸೋಮಾರ ಮೊದಲ ಸೊಪ್ಪು ನೀನೇ ಹಾಕು" ಎಂದಳು ಚನ್ನಮಲ್ಲಮ್ಮ, ಫೋನು ಮುಗಿದ ಮೇಲೆ. "ನಾ ಬಾಗಿಲಾಚೆ ಕುರ್ಚಿ ಹಾಕ್ಕಂಡು ಕೂತ್ಕತೀನಿ."

"ಹೇಳ್ಕೊಡಾಕಾ, ನನ್ನ ಕಾಯಾಕಾ?"

"ಎರಡ್ಕೂವೆ."